ಗಂಟೆಯ ಪ್ರಾರ್ಥನೆ

ಹಾರವಾಡದ ನಮ್ಮ ಹಳೆಯ ಮನೆಗೆ ಮೂರು ನಾಲ್ಕು ವರುಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಹಂಚು ಇಳಿಸಿ, ಒಡೆದವನ್ನು ತೆಗೆದು ಮತ್ತೆ ಹೊದಿಸಬೇಕಾಗುತ್ತದೆ. ಕಡಲ ಗಾಳಿಗೆ ರೀಪುಗಳು ಬೇಗ ಲಡ್ಡಾಗುತ್ತವೆ. ಹಂಚಿಗೆ ಮಾತ್ರ ಮಂಗಗಳ ಹೊರತು ಬೇರೆ ಶತ್ರುವಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ ನಾನು ಅಂಗಳದಲ್ಲಿ ಕುಳಿತು, ಅಡುಗೆಮನೆಯ ಮೇಲಿನಿಂದ ಇಳಿದು ಬಂದ ಹಂಚುಗಳ ಒಳಮೈಯ ಹೊಗೆಮಸಿಯನ್ನು ತೆಂಗಿನ ಸಿಪ್ಪೆಯಿಂದ ತಿಕ್ಕುತ್ತಿದ್ದೆ. ಒಂದರ ಮೇಲೆ ಅಕ್ಷರ ಮೂಡಿತು. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂದು ಇಂಗ್ಲಿಷಿನಲ್ಲಿ. ಆ ಹಂಚು ತಯಾರಾದ ವರುಷ ಅದಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಆರಂಭವಾದ ವರುಷ. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ಎಂಬ ಜರ್ಮನ್ ಯಂತ್ರಕುಶಲಿ ನಮ್ಮ ಕರಾವಳಿಯ ಜೇಡಿಮಣ್ಣಿನ ಗುಣವನ್ನು ಕಂಡು, ಯಂತ್ರದಲ್ಲಿ ಒತ್ತಿ ಹಂಚು ಮಾಡಬಹುದೆಂದು ತೋರಿಸಿದ ವರುಷ. ಅಲ್ಲಿಂದ ಮುಂದೆ ಮಂಗಳೂರು ಹಂಚು ಮಚವೆಗಳನ್ನೇರಿ ಕರಾವಳಿಯ ಊರೂರಿಗೆ ಹೋಯಿತು. ಹುಲ್ಲು ಹೊದಿಸಿದ, ಸೋಗೆ ಹೊದಿಸಿದ ಮನೆಗಳು ಕೆಂಪಾದವು.

ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಆ ಅಕ್ಷರಗಳು ನಮ್ಮ ಒಲೆಯ ಮೇಲೆ ಕೆಳಮುಖವಾಗಿ ನೋಡುತ್ತಿದ್ದವು. ಅವ್ವ ಅದರ ಕೆಳಗೆ ಗಂಜಿ ಬೇಯಿಸಿದಳು, ಅಜ್ಜಿ ಅದರ ಕೆಳಗೆ ರಾಮನಾಮ ಹೇಳಿದಳು. ಯಾರೂ ತಲೆಯೆತ್ತಿ ಓದಿರಲಿಲ್ಲ. ಮಸಿ ತಿಕ್ಕುತ್ತಿದ್ದಂತೆ ನನಗೆ ಒಂದು ಸಂಗತಿ ನೆನಪಾಯಿತು. ಈ ಹಂಚನ್ನು ಒತ್ತಿದ ಕೈಗಳು ಆ ಬೆಳಿಗ್ಗೆ ಮಣ್ಣು ಮುಟ್ಟುವ ಮೊದಲು ಜೋಡಿಸಿಕೊಂಡಿದ್ದ ಕೈಗಳು. ಆ ಕಾರ್ಖಾನೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಗಂಟೆ ಹೊಡೆಯಿತು, ಪ್ರಾರ್ಥನೆ ಆಯಿತು, ಯಂತ್ರ ತಿರುಗಿತು.

ಹಾಗೆ ಗಂಟೆ ಹೊಡೆದಾಗ ಬರುವ ಪ್ರಾರ್ಥನೆ ಪ್ರಾರ್ಥನೆಯೆ? ಈ ಪ್ರಶ್ನೆ ಪಾದ್ರಿಗಳಿಗೆ ಮಾತ್ರ ಸಂಬಂಧಪಟ್ಟದ್ದೆಂದು ಓದುಗರು ಪುಟ ಮಗುಚಬಾರದು. ನನಗೂ ಅದಕ್ಕೂ ಇರುವ ಸಂಬಂಧವನ್ನು ಮುಂದೆ ಹೇಳುತ್ತೇನೆ. ಅದನ್ನು ಹೇಳುವುದು ಅಷ್ಟು ಸುಖದ ಕೆಲಸವಲ್ಲವಾದ್ದರಿಂದ ಸ್ವಲ್ಪ ಸುತ್ತುಹಾದಿಯಲ್ಲಿ ಬರುತ್ತೇನೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಈ ಮಿಷನ್ನು 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಹಿಂದಿನಿಂದ ಮೋಗ್ಲಿಂಗ್ ಬಂದರು, ವೈಗ್ಲೆ ಬಂದರು, 1853ರಲ್ಲಿ ಕಿಟೆಲ್ ಬಂದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಠಾಣೆಗಳು ಎದ್ದವು. ನಮ್ಮ ಜಿಲ್ಲೆಯ ಹೊನ್ನಾವರದಲ್ಲಿಯೂ ಅವರ ಕೆಲಸ ನಡೆದಿತ್ತು. ಕನ್ನಡದ ವಿದ್ಯಾರ್ಥಿಗಳಿಗೆ ಈ ಹೆಸರುಗಳು ಪರೀಕ್ಷೆಯ ಪ್ರಶ್ನೆಗಳಾಗಿ ಪರಿಚಿತ. 1843ರ ‘ಮಂಗಳೂರ ಸಮಾಚಾರ’, 1894ರ ನಿಘಂಟು, ಜೈಮಿನಿ ಭಾರತದ ಮುದ್ರಣ – ಇಷ್ಟು ಬರೆದರೆ ಅಂಕ ದೊರೆಯುತ್ತದೆ. ನಾನೂ ಇಷ್ಟನ್ನೇ ವರುಷವರುಷವೂ ಪಾಠ ಹೇಳುತ್ತ ಬಂದವನು. ಈ ಜನ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ಊಟಕ್ಕೆ ಮೊದಲು ಏನು ಹೇಳುತ್ತಿದ್ದರು, ರಾತ್ರಿ ದೀಪ ಆರಿಸುವ ಮುಂಚೆ ಏನು ಓದುತ್ತಿದ್ದರು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆದಿರಲಿಲ್ಲ.

ಅವರ ದಿನಕ್ಕೆ ಒಂದು ಕಟ್ಟು ಇತ್ತು. ಬೆಳಗಿನ ಪ್ರಾರ್ಥನೆ, ಬೈಬಲಿನ ಓದು, ಹಾಡು. ಆಮೇಲೆ ಶಾಲೆ, ಪೇಟೆಯ ಬೋಧನೆ, ಅಚ್ಚುಕೂಟ, ಭಾಷೆಯ ಅಭ್ಯಾಸ. ಸಂಜೆ ಮತ್ತೆ ಮನೆಮಂದಿಯೆಲ್ಲ ಕೂಡಿ ಪ್ರಾರ್ಥನೆ. ಭಾನುವಾರ ಕೆಲಸವಿಲ್ಲ. ಹಾಡುಗಳು ಕನ್ನಡದವು, ರಾಗ ಹಲವಕ್ಕೆ ಜರ್ಮನಿಯದು. ಕನ್ನಡದ ಹ್ರಸ್ವ ದೀರ್ಘಗಳು ಆ ರಾಗಗಳ ಅಡಿಯಲ್ಲಿ ಎಷ್ಟು ನಲುಗಿರಬೇಕೆಂದು ನೆನೆದರೆ ಛಂದಸ್ಸು ಪಾಠ ಹೇಳುವ ನನ್ನಂಥವನಿಗೆ ಮೈ ಝುಮ್ಮೆನ್ನುತ್ತದೆ. ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಕಿಟೆಲ್ಲರಿಗೆ ಅದು ಕೇಳಿಸದೆ ಇದ್ದೀತೆ? ಇರಲಿ.

ಈ ಕಟ್ಟು ಮಂಗಳೂರಿನಲ್ಲಿ ಹುಟ್ಟಿದ್ದಲ್ಲ. ಬಾಸೆಲ್ಲಿನ ಮಿಷನ್ ಮನೆಯಲ್ಲಿ ತರಬೇತಿಗೆಂದು ಬರುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಗರು, ಕುಶಲಕರ್ಮಿಗಳ ಮಕ್ಕಳು. ಒಳಗೆ ಬರುವಾಗಲೇ ಪ್ರತಿಯೊಬ್ಬನೂ ತನ್ನ ಜೀವನಚರಿತ್ರೆಯನ್ನು, ಮನಸ್ಸು ದೇವರ ಕಡೆ ತಿರುಗಿದ ಬಗೆಯನ್ನು, ಸ್ವಹಸ್ತದಲ್ಲಿ ಬರೆದು ಒಪ್ಪಿಸಬೇಕು. ಮದುವೆಗೆ ಕಮಿಟಿಯ ಒಪ್ಪಿಗೆ ಬೇಕು. ಸಹೋದರರು ಒಬ್ಬರ ನಡತೆಯ ಮೇಲೆ ಇನ್ನೊಬ್ಬರು ಕಣ್ಣಿಟ್ಟು, ತಪ್ಪು ಕಂಡರೆ ಮೊದಲು ಅವನಿಗೆ ಹೇಳಿ, ಕೇಳದಿದ್ದರೆ ಮೇಲಿನವರಿಗೆ ತಿಳಿಸಬೇಕು. ಅದನ್ನು ಅವರು ಪ್ರೀತಿ ಎಂದು ಕರೆದರು. ನಾವಾದರೆ ಚಾಡಿ ಎನ್ನುತ್ತಿದ್ದೆವು.

ಆ ಮನೆಯಲ್ಲಿ ಐದು ವರುಷ ಇದ್ದು ಬಂದ ನಮ್ಮವನೊಬ್ಬನಿದ್ದಾನೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ 1844ರಲ್ಲಿ ಕ್ರೈಸ್ತನಾದಾಗ ಮಂಗಳೂರು ಪಟ್ಟಣವೇ ಅಲ್ಲೋಲಕಲ್ಲೋಲವಾಯಿತು. ಮೋಗ್ಲಿಂಗರ ಹೆಸರನ್ನೇ ತನ್ನ ಹೆಸರಿನ ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾಗಿ, 1846ರಲ್ಲಿ ಕಡಲು ದಾಟಿ ಬಾಸೆಲ್ಲಿಗೆ ಹೋಗಿ, 1851ರಲ್ಲಿ ದೀಕ್ಷೆ ಪಡೆದು ಊರಿಗೆ ಮರಳಿದ. ಮೋಗ್ಲಿಂಗರಿಗೆ ಮಂಗಳೂರು ಪರದೇಶ. ಕೌಂಡಿನ್ಯನಿಗೆ ಬಾಸೆಲ್ ಪರದೇಶ. ಇಬ್ಬರನ್ನೂ ಎಬ್ಬಿಸುತ್ತಿದ್ದುದು ಒಂದೇ ಗಂಟೆ. ಉದಯಕ್ಕೆ ಮುಂಚೆ ಎದ್ದು ಸ್ನಾನ, ಸಂಧ್ಯಾವಂದನೆ, ಗಾಯತ್ರಿ ಎಂದು ಬೆಳೆದ ಹುಡುಗನಿಗೆ ಬಾಸೆಲ್ಲಿನ ಚಳಿಯ ಮುಂಜಾವದ ಗಂಟೆ ಹೊಸದೆನಿಸಿತೆ, ಹಳೆಯದೆನಿಸಿತೆ? ನನ್ನ ಊಹೆ, ಹಳೆಯದೆನಿಸಿರಬೇಕು. ಬಿಟ್ಟುಬಂದ ಮನೆಯಲ್ಲಿಯೂ ಸೂರ್ಯನೇ ಗಂಟೆ ಹೊಡೆಯುತ್ತಿದ್ದ.

ಹೊತ್ತಿಗೆ ಸರಿಯಾಗಿ ಮಾಡಿದ ಪ್ರಾರ್ಥನೆ ಯಾಂತ್ರಿಕವಾದದ್ದು, ಹೃದಯ ತುಂಬಿ ಬಂದಾಗ ಮಾಡಿದ್ದೇ ನಿಜವಾದದ್ದು ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸಬೇಕೆಂದು ಯೇಸುವೇ ಹೇಳಿದ್ದುಂಟು; ಅವನ ಹೆಸರಿನಲ್ಲಿಯೇ ಗಂಟೆ ಹೊಡೆದು ಜನ ಕೂಡಿಸುವುದು ಯಾವ ನ್ಯಾಯ? ನನ್ನ ವಿದ್ಯಾರ್ಥಿದೆಸೆಯಲ್ಲಿ ಈ ವಾದವನ್ನು ನಾನು ಬಹು ಉತ್ಸಾಹದಿಂದ ಮಾಡುತ್ತಿದ್ದೆ. ಒಂದು ಸಂಜೆ ಅವ್ವ ದೇವರ ಮುಂದೆ ದೀಪ ಹಚ್ಚಿ, ತುಟಿ ಆಡಿಸುತ್ತಲೇ ಕಣ್ಣಿನಲ್ಲಿ ಒಲೆಯ ಮೇಲಿನ ಸಾರು ನೋಡುತ್ತಿದ್ದಳು. “ಮನಸ್ಸೆಲ್ಲ ಸಾರಿನ ಮೇಲಿದೆ, ಈ ದೀಪ ಯಾರಿಗೆ?” ಎಂದು ನಾನು ಕೇಳಿದೆ. ಅವಳು, “ದೀಪ ಹಚ್ಚೂಕೆ ಮನ್ಸ್ ಬರ್ಲಿ ಅಂತ ಕೂತ್ರೆ ಕತ್ಲೇಲೇ ಉಣ್ಣಬೇಕಾತದೆ” ಎಂದಳು.

ಆಗ ನಕ್ಕೆ. ಈಗ ನಗುವುದಿಲ್ಲ. ಹೃದಯ ತುಂಬಿ ಬರುವ ಗಳಿಗೆಗಾಗಿ ಕಾದವರಲ್ಲಿ ಎಷ್ಟು ಮಂದಿಗೆ ಅದು ಬಂದಿದೆ? ಬಂದಾಗ ಅವರ ಬಾಯಲ್ಲಿ ಮಾತು ಸಿದ್ಧವಾಗಿದ್ದಿತೆ? ಸಾವು ಮನೆಗೆ ಬಂದ ದಿನ ಮನುಷ್ಯನಿಗೆ ಹೊಸ ಮಾತು ಹೊಳೆಯುವುದಿಲ್ಲ. ಚಿಕ್ಕಂದಿನಿಂದ ಅರ್ಥ ಮಾಡಿಕೊಳ್ಳದೆ ಹೇಳಿಕೊಂಡು ಬಂದ ಎರಡು ಸಾಲುಗಳೇ ಕೈ ಹಿಡಿಯುತ್ತವೆ. ರೂಢಿ ಎಂಬುದು ಖಾಲಿ ಕೊಡದಂತೆ. ಕೊಡವನ್ನು ಬಾವಿಕಟ್ಟೆಯ ಮೇಲೆ ಇಟ್ಟಿರಬೇಕಾದದ್ದು ನಮ್ಮ ಕೆಲಸ. ನೀರು ಏಳುವುದು ಬಾವಿಯ ಕೆಲಸ.

ಈ ಮಿಷನರಿಗಳ ಬದುಕಿನಲ್ಲಿಯೇ ಇದಕ್ಕೆ ಒಂದು ನಿದರ್ಶನವಿದೆ. ಅದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಇಲ್ಲಿ ಹುಟ್ಟಿದ ಮಕ್ಕಳನ್ನು ಅವರು ಇಲ್ಲಿ ಬೆಳೆಸುತ್ತಿರಲಿಲ್ಲ. ಶಾಲೆಗೆ ಹೋಗುವ ವಯಸ್ಸಾಯಿತೆಂದರೆ ಹಡಗು ಹತ್ತಿಸಿ ಬಾಸೆಲ್ಲಿನ ಮಕ್ಕಳ ಮನೆಗೆ ಕಳುಹಿಸುವುದು ಪದ್ಧತಿ. ಆರು ಏಳು ವರುಷದ ಕೂಸು. ಮತ್ತೆ ನೋಡುವಾಗ ಅದಕ್ಕೆ ಮೀಸೆ ಬಂದಿರುತ್ತದೆ, ಅಥವಾ ನೋಡುವುದೇ ಇಲ್ಲ. ಅವರ ಪಂಥದ ಕುಟುಂಬಗಳಲ್ಲಿ, ವರುಷದ ದಿನದಿನಕ್ಕೂ ಬೈಬಲಿನ ಒಂದೊಂದು ವಚನವನ್ನು ಆರಿಸಿ ಮೊದಲೇ ಅಚ್ಚು ಹಾಕಿಸಿದ ಒಂದು ಸಣ್ಣ ಪುಸ್ತಕ ಬಳಕೆಯಲ್ಲಿತ್ತು. ಜರ್ಮನಿಯ ಹೆರ್ನ್‌ಹುಟ್ ಎಂಬಲ್ಲಿಂದ 1731ರಿಂದ ಅದು ಪ್ರತಿ ವರುಷವೂ ಪ್ರಕಟವಾಗುತ್ತ ಬಂದಿದೆ. ಮಂಗಳೂರಿನಲ್ಲಿ ದೀಪ ಹಚ್ಚುವಾಗ ಬಾಸೆಲ್ಲಿನಲ್ಲಿ ಇನ್ನೂ ನಡುಹಗಲು. ಕಾಗದ ಹೋಗಿ ಉತ್ತರ ಬರುವುದಕ್ಕೆ ತಿಂಗಳುಗಳು. ಆದರೆ ಈ ದಿನದ ವಚನ ಇದು ಎಂಬುದು ತಾಯಿಗೂ ಗೊತ್ತು, ಮಗುವಿಗೂ ಗೊತ್ತು. ಹೃದಯ ತುಂಬಿ ಬಂದಾಗ ಮಾತ್ರ ಪ್ರಾರ್ಥಿಸುವ ಸ್ವತಂತ್ರರಿಗೆ ಈ ಒಂದು ಸಮಾಧಾನ ದೊರೆಯುವಂತಿಲ್ಲ. ಹೀಗೆ ಮಕ್ಕಳನ್ನು ದೂರ ಮಾಡಿದ ಪದ್ಧತಿಯನ್ನು ನಾನು ಕ್ಷಮಿಸಲಾರೆ. ಅದು ಬೇರೆ ಮಾತು.

ಆದ್ದರಿಂದ ಗಡಿಯಾರದ ಮೇಲೆ ನನಗೆ ದೂರಿಲ್ಲ. ಹೊತ್ತು ಗೊತ್ತು ಮಾಡಿದ್ದರಿಂದ ಪ್ರಾರ್ಥನೆ ಕೆಡುವುದಿಲ್ಲ. ನಮ್ಮ ಕರಾವಳಿಯ ಕೆಥೋಲಿಕ್ ಇಗರ್ಜಿಗಳಲ್ಲಿ ದಿನಕ್ಕೆ ಮೂರು ಸಲ ಗಂಟೆಯಾಗುತ್ತದೆ. ಕಾರವಾರದಲ್ಲಿ ಓದುತ್ತಿದ್ದಾಗ ಸಂಜೆಯ ಗಂಟೆ ಕೇಳಿ ಮೀನಿನ ಬುಟ್ಟಿ ಕೆಳಗಿಳಿಸಿ ಶಿಲುಬೆಯ ಗುರುತು ಮಾಡಿಕೊಂಡು, ಮರುಗಳಿಗೆಯಲ್ಲಿ ಬುಟ್ಟಿ ಎತ್ತಿ ಮೊದಲಿನ ಗಿರಾಕಿಯೊಡನೆ ಮೊದಲಿನ ಜಗಳವನ್ನೇ ಮುಂದುವರಿಸಿದ ಹೆಂಗಸನ್ನು ಕಂಡಿದ್ದೇನೆ. ಅವಳನ್ನು ಕಪಟಿ ಎನ್ನುವ ಧೈರ್ಯ ನನಗಿಲ್ಲ.

ಪ್ರಶ್ನೆ ಇರುವುದು ಗಂಟೆಯಲ್ಲಲ್ಲ. ಗಂಟೆಯ ಹಗ್ಗ ಯಾರ ಕೈಯಲ್ಲಿದೆ ಎಂಬಲ್ಲಿ. ಆ ಮೀನುಗಾರ ಹೆಂಗಸು ಕಿವಿ ಮುಚ್ಚಿಕೊಂಡು ವ್ಯಾಪಾರ ನಡೆಸಿದ್ದರೆ ಆ ರಾತ್ರಿ ಅವಳ ಮನೆಯ ಒಲೆ ಆರುತ್ತಿರಲಿಲ್ಲ. ಜೆಪ್ಪುವಿನ ಕಾರ್ಖಾನೆಯವನ ಮಾತು ಹಾಗಲ್ಲ. ಅಲ್ಲಿ ಪ್ರಾರ್ಥನೆಗೆ ಕರೆಯುವವನೂ ಕೂಲಿ ಕೊಡುವವನೂ ಒಬ್ಬನೇ.

ಹಾಗೇಕಾಯಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮತಾಂತರವಾದವನಿಗೆ ಮರುದಿನ ಬೆಳಿಗ್ಗೆ ಎದುರಾಗುತ್ತಿದ್ದುದು ದೇವರಲ್ಲ, ಹೊಟ್ಟೆ. ಮನೆ ಬಿಡಬೇಕು, ಜಾತಿಯ ಕಸುಬು ಹೋಯಿತು, ಒಡೆಯ ಗೇಣಿ ಬಿಡಿಸಿದ, ಬಾವಿ ಮುಚ್ಚಿತು, ಹಜಾಮ ಬರಲಿಲ್ಲ, ಅಗಸ ಬರಲಿಲ್ಲ. ಮಿಷನರಿಗಳು ವ್ಯಾಪಾರ ಮಾಡುವುದಕ್ಕೆ ಬಂದವರಲ್ಲ. ಆದರೆ ತಮ್ಮ ಮಾತು ನಂಬಿ ಅನ್ನ ಕಳೆದುಕೊಂಡವನಿಗೆ ಅನ್ನದ ದಾರಿ ತೋರಿಸದೆ ಇರುವುದು ಹೇಗೆ? ಗದಗಿನ ಕಡೆಯ ಮಲಸಮುದ್ರದಲ್ಲಿ ಬೇಸಾಯದ ವಸತಿ ಮಾಡಿ ನೋಡಿದರು. ಸ್ವಿಟ್ಜರ್ಲೆಂಡಿನವರಲ್ಲವೆ, ಮಂಗಳೂರಿನಲ್ಲಿ ಗಡಿಯಾರದ ಕೆಲಸವನ್ನೂ ಕಲಿಸಲು ಹೋದರು, ನಡೆಯಲಿಲ್ಲ. 1851ರಲ್ಲಿ ಹಾಲರ್ ಎಂಬವರು ಬಂದು ಮಗ್ಗ ಹಾಕಿಸಿದ ಮೇಲೆ ನೇಯ್ಗೆ ಕೈ ಹಿಡಿಯಿತು. ಖಾಕಿ ಬಣ್ಣದ ಬಟ್ಟೆಯ ಹೆಸರು ಆ ಮಗ್ಗಗಳೊಡನೆ ಬೆಸೆದುಕೊಂಡಿದೆ. ಪ್ರಾರ್ಥನೆ ಮಾಡಿ ಕುಳಿತವರು ನೇಯ್ದದ್ದು ಪೋಲೀಸರ ಬಟ್ಟೆಯಾಯಿತೆಂಬುದು ಇತಿಹಾಸದ ಒಂದು ಕುಚೋದ್ಯ. 1865ರಲ್ಲಿ ಹಂಚು ಬಂತು. ಮುಂದೆ ಕಾರ್ಖಾನೆಯಲ್ಲಿ ಕ್ರೈಸ್ತರಲ್ಲದವರೂ ದುಡಿದರು. ಕೌಂಡಿನ್ಯನೂ ಇದೇ ಹಾದಿ ಹಿಡಿದವನು. ಕೊಡಗಿನಲ್ಲಿ ಆನಂದಪುರವೆಂಬ ವಸತಿ ಮಾಡಿ, ಹೊಸದಾಗಿ ಕ್ರೈಸ್ತರಾದ ಹೊಲೆಯರಿಗೆ ಕಾಫಿ ತೋಟದಲ್ಲಿ ಕೆಲಸ ಕೊಟ್ಟ.

“ಹೊಟ್ಟೆಗಾಗಿ ಮತ ಬಿಟ್ಟವರು” ಎಂದು ನಾವು ಮೂಗು ಮುರಿಯುತ್ತೇವೆ. ಈ ಮಾತು ಅರ್ಧ ಮಾತ್ರ. ಮತ ಬಿಟ್ಟರೆ ಅನ್ನವಿಲ್ಲ ಎಂದವರು ನಾವು. ಮತಕ್ಕೆ ಬಂದರೆ ಅನ್ನವುಂಟು ಎಂದವರು ಅವರು. ನಡುವೆ ನಿಂತ ಬಡವನ ದೇವರು ಎರಡು ಕಡೆಯಲ್ಲಿಯೂ ಅನ್ನದ ತಟ್ಟೆಯ ಹಿಂದೆಯೇ ಇದ್ದ. ನಮ್ಮ ಹೊಲದ ಒಡೆಯನೂ ಬೀಗ ಹಾಕಿದ, ಮಿಷನ್ನೂ ಬೀಗದ ಕೈ ಇಟ್ಟುಕೊಂಡಿತು.

ಇಟ್ಟುಕೊಂಡಿತು ಎಂಬುದನ್ನು ಮಿಷನ್ನಿನ ಅಭಿಮಾನಿಗಳು ಒಪ್ಪಬೇಕು. ಕೆಲಸ, ವಾಸದ ಮನೆ, ಸಭೆ – ಮೂರೂ ಒಂದೇ ಕೈಯಲ್ಲಿದ್ದ ಕಡೆ, ಒಂದರಲ್ಲಿ ತಪ್ಪಿದವನಿಗೆ ಉಳಿದೆರಡರ ಭಯ. ಕುಡಿದು ಬಂದವನಿಗೆ ಉಪದೇಶಿಯ ಕಣ್ಣೂ ಮೇಸ್ತ್ರಿಯ ಕಣ್ಣೂ ಬೇರೆಯಲ್ಲ. ಬೆಳಿಗ್ಗೆ ಕಣ್ಣು ಮುಚ್ಚಿ ನಿಂತ ಸಾಲಿನಲ್ಲಿ ಯಾರು ದೇವರ ಮುಂದೆ ನಿಂತಿದ್ದಾರೆ, ಯಾರು ದಣಿಯ ಮುಂದೆ ನಿಂತಿದ್ದಾರೆ ಎಂದು ಹೇಗೆ ತಿಳಿಯುವುದು? ಹೊರಗಿನವನಿಗೆ ತಿಳಿಯದು ಎನ್ನುವುದು ದೊಡ್ಡ ಮಾತಲ್ಲ. ನಿಂತವನಿಗೇ ತಿಳಿಯದಂತಾಗುತ್ತದೆ ಎಂಬುದು ಭಯಂಕರ. ಅನ್ನವನ್ನೂ ದೇವರನ್ನೂ ಒಂದೇ ದಾರದಲ್ಲಿ ಕಟ್ಟಿದವನು ಬಡವನಿಂದ ಕಸಿಯುವುದು ಅವನ ಸ್ವಾತಂತ್ರ್ಯವನ್ನಷ್ಟೇ ಅಲ್ಲ. ತಾನು ನಂಬಿದ್ದೇನೆಯೊ ಇಲ್ಲವೊ ಎಂದು ತನ್ನಷ್ಟಕ್ಕೆ ತಿಳಿಯುವ ಶಕ್ತಿಯನ್ನು.

ನನಗೆ ಇದು ಹೇಗೆ ಗೊತ್ತು? ಹಗ್ಗ ನನ್ನ ಕೈಯಲ್ಲಿಯೂ ಇತ್ತು.

ಹದಿನೈದು ವರುಷದ ಕೆಳಗೆ, ಒಂದು ಊರಿನ ಕಾಲೇಜಿನಲ್ಲಿ, ಪಾಠದ ಜೊತೆಗೆ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂತು. ಮಕ್ಕಳು ಏಳೂವರೆಗೆ ಏಳುತ್ತಿದ್ದರು. ನಾನು ಹೊಸ ಉತ್ಸಾಹದವನು. ಐದೂವರೆಗೆ ಗಂಟೆ, ಆರಕ್ಕೆ ಪ್ರಾರ್ಥನೆ, ಆರೂವರೆಗೆ ಉಪಾಹಾರ ಎಂದು ನಿಯಮ ಮಾಡಿದೆ. ಯಾವ ಒಂದು ಮತದ ಪ್ರಾರ್ಥನೆಯೂ ಅಲ್ಲ, ಎಲ್ಲರಿಗೂ ಸಲ್ಲುವಂಥ ಹಾಡು ಆರಿಸಿದ್ದೆ. ಆ ಉದಾರತೆಯ ಬಗ್ಗೆ ನನಗೆ ಒಳಗೊಳಗೆ ಹೆಮ್ಮೆ. ಮೊದಲ ವಾರ ಐದಾರು ಮಂದಿ ಬಂದರು. ಎರಡನೆಯ ವಾರ, ಪ್ರಾರ್ಥನೆಗೆ ಬಾರದವರಿಗೆ ಉಪಾಹಾರವಿಲ್ಲ ಎಂದು ಫಲಕದಲ್ಲಿ ಬರೆಸಿದೆ. ಮರುದಿನ ಕೋಣೆ ತುಂಬಿತು. ಆಡಳಿತದವರು ಬಂದು ನೋಡಿ ಮೆಚ್ಚಿಕೊಂಡರು.

ಆ ಹುಡುಗರಲ್ಲಿ ಕಡಲತಡಿಯ ಒಂದು ಊರಿನಿಂದ ಬಂದವನೊಬ್ಬ ಒಂದು ದಿನವೂ ತಪ್ಪಿಸಲಿಲ್ಲ. ಮುಂದಿನ ಸಾಲಿನಲ್ಲಿ ನಿಂತು, ಕಣ್ಣು ಮುಚ್ಚಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ಉಳಿದವರಿಗೆ ಅವನನ್ನು ತೋರಿಸಿ ನಾನು ಎರಡು ಮೂರು ಸಲ ಹೊಗಳಿದ್ದುಂಟು. ಪರೀಕ್ಷೆ ಮುಗಿದು ಊರಿಗೆ ಹೊರಟ ದಿನ ಕಾಲು ಮುಟ್ಟುವುದಕ್ಕೆ ಬಂದ. “ಪ್ರಾರ್ಥನೆ ಬಿಡಬೇಡಪ್ಪ” ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. “ಸರ್, ಸುಳ್ಳು ಹೇಳಬಾರದು. ನಾನು ಮೂರು ವರ್ಷದಲ್ಲಿ ಒಂದು ದಿನವೂ ದೇವರನ್ನು ನೆನೆಸಲಿಲ್ಲ. ಅವಲಕ್ಕಿ ನೆನೆಸುತ್ತಿದ್ದೆ” ಎಂದ.

ಶ್ಲೇಷೆ ಚೆನ್ನಾಗಿತ್ತು, ಕನ್ನಡ ಮೇಷ್ಟರ ಶಿಷ್ಯನಲ್ಲವೆ. ಇಬ್ಬರೂ ನಕ್ಕೆವು. ಅವನ ಟ್ರಂಕನ್ನು ಬಸ್ಸಿಗೆ ಏರಿಸಿ ಬಂದ ಮೇಲೆ ನನಗೆ ನಗು ಬರಲಿಲ್ಲ. ಮನೆಯಿಂದ ಅವನಿಗೆ ದುಡ್ಡು ಬರುತ್ತಿರಲಿಲ್ಲ, ಹೊರಗೆ ಹೋಟೆಲಿನಲ್ಲಿ ತಿನ್ನುವ ಶಕ್ತಿಯಿರಲಿಲ್ಲ. ಕೈಯಲ್ಲಿ ಕಾಸಿದ್ದ ಹುಡುಗರು ಆರರ ಗಂಟೆ ಕೇಳಿ ಮಗ್ಗುಲು ಬದಲಿಸಿ, ಎಂಟಕ್ಕೆ ಹೊರಗೆ ಹೋಗಿ ಇಡ್ಲಿ ತಿನ್ನುತ್ತಿದ್ದರು. ನನ್ನ ನಿಯಮ ದೇವರ ಮುಂದೆ ತಂದು ನಿಲ್ಲಿಸಿದ್ದು ಬಡವರನ್ನು ಮಾತ್ರ. ಇನ್ನೊಬ್ಬ ಹುಡುಗನೂ ನೆನಪಾದ. ಅವನೂ ಬಡವನೇ, ದೇವರಿಲ್ಲ ಎಂದು ಬಾಯಿಬಿಟ್ಟು ಹೇಳಿ, ಪ್ರಾರ್ಥನೆಗೆ ಬಾರದೆ, ಒಂದು ತಿಂಗಳು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತರಗತಿಗೆ ಬರುತ್ತಿದ್ದ. ಅವನನ್ನು ನಾನು ಅಹಂಕಾರಿ ಎಂದು ಕರೆದಿದ್ದೆ. ಆ ಮನೆಯಲ್ಲಿ ದೇವರ ವಿಷಯವನ್ನು ಹುಡುಗಾಟವಾಗಿ ತೆಗೆದುಕೊಳ್ಳದವನು ಅವನೊಬ್ಬನೇ ಎಂದು ಈಗ ಅನ್ನಿಸುತ್ತದೆ.

ಇಷ್ಟು ತಿಳಿದ ಮೇಲೆ ನಿಯಮ ತೆಗೆದೆನೆ ಎಂದು ಓದುಗರು ಕೇಳಬಹುದು. ಇಲ್ಲ. ಇನ್ನೂ ಒಂದು ವರುಷ ನಡೆಸಿದೆ. ಕೋಣೆ ತುಂಬಿರುವುದನ್ನು ನೋಡುವ ಸುಖ ಅಷ್ಟು ಬೇಗ ಬಿಡುವಂಥದಲ್ಲ.

ಆದ್ದರಿಂದ ಬಾಸೆಲ್ಲಿನವರನ್ನು ತೂಗುವಾಗ ನನ್ನ ತಕ್ಕಡಿ ಸ್ವಲ್ಪ ನಡುಗುತ್ತದೆ. ಅವರಿಗಿದ್ದ ಸಮರ್ಥನೆ ನನಗಿರಲಿಲ್ಲ. ತಮ್ಮಿಂದ ಅನ್ನ ಕಳೆದುಕೊಂಡವರಿಗೆ ಅವರು ಅನ್ನ ಕೊಟ್ಟರು. ನಾನು, ಹುಡುಗರ ಪಾಲಿಗೆ ಆಗಲೇ ಸಲ್ಲಬೇಕಾಗಿದ್ದ ಅನ್ನಕ್ಕೆ ಅಡ್ಡ ನಿಂತೆ. ಇನ್ನೊಂದು ಮುಖ್ಯ ವ್ಯತ್ಯಾಸವೂ ಇದೆ. ಅವರು ಹೊಡೆದ ಗಂಟೆಗೆ ಅವರೂ ಎದ್ದರು, ಅವರ ಮೇಲೂ ಕಾವಲಿತ್ತು. ಕಿಟೆಲ್ಲರಂಥ ಸ್ವಂತ ಮನಸ್ಸಿನವರಿಗೆ ಆ ಕಮಿಟಿಯೊಡನೆ ಎಲ್ಲ ಕಾಲಕ್ಕೂ ಹೊಂದಲಿಲ್ಲ. ನಾನಾದರೋ ಚಳಿಗಾಲದಲ್ಲಿ ಗಂಟೆ ಹೊಡೆಯುವುದಕ್ಕೆ ಜವಾನನನ್ನು ಇಟ್ಟುಕೊಂಡಿದ್ದೆ.

ಗಾಂಧೀಜಿಯವರ ಸಬರಮತಿಯಲ್ಲಿ ನಸುಕಿನ ನಾಲ್ಕಕ್ಕೇ ಗಂಟೆಯಾಗುತ್ತಿತ್ತು. ಸಂಜೆಯ ಪ್ರಾರ್ಥನೆಯಲ್ಲಿ ಹಾಜರಿ ಕರೆದು ಆ ದಿನ ಎಷ್ಟು ನೂಲು ತೆಗೆದೆಯೆಂದು ಲೆಕ್ಕ ಕೇಳುತ್ತಿದ್ದರು. 1930ರ ಉಪ್ಪಿನ ಸತ್ಯಾಗ್ರಹ ಕಂಡ ಅಂಕೋಲೆಯ ಜನ ನಾವು. ಆ ಶಿಸ್ತಿನ ಬಗ್ಗೆ ಹಗುರಾಗಿ ಮಾತಾಡುವುದು ನನ್ನಿಂದಾಗದು. ಆ ಆಶ್ರಮಕ್ಕೆ ಬಂದವರು ಮನೆಯ ಅನ್ನ ಬಿಟ್ಟು ಬಂದವರು. ಕಾಯಕವನ್ನು ಪೂಜೆಗೆ ಸಮನಾಗಿ ಎಣಿಸಿದ ನಮ್ಮ ಶರಣರಲ್ಲಿಯೂ, ದುಡಿಯುವವನಿಗೂ ಅವನ ಲಿಂಗಕ್ಕೂ ನಡುವೆ ಕೂಲಿ ಕೊಡುವ ದಣಿಯೊಬ್ಬ ನಿಂತಿರಲಿಲ್ಲ. ಕೆಲಸವೂ ಪ್ರಾರ್ಥನೆಯೂ ಒಂದೇ ಎನ್ನುವ ಮಾತು ತನ್ನ ಕೆಲಸದ ಬಗ್ಗೆ ಹೇಳಿಕೊಂಡಾಗ ದೊಡ್ಡದು. ತನ್ನ ಕೈಕೆಳಗಿನವನ ಕೆಲಸದ ಬಗ್ಗೆ ಹೇಳಿದಾಗ ಸ್ವಲ್ಪ ಅನುಮಾನಿಸಬೇಕಾದ್ದು. ಹುಬ್ಬಳ್ಳಿ ಧಾರವಾಡದ ಹಳ್ಳಿಗಳಲ್ಲಿ ತಿರುಗಿ, ಹಳಗನ್ನಡದ ಓಲೆಗಳನ್ನು ಶೋಧಿಸಿ, ಸುಮಾರು 70,000 ಶಬ್ದಗಳನ್ನು ವರುಷಗಟ್ಟಲೆ ಒಂದೊಂದಾಗಿ ಜೋಡಿಸುತ್ತ ಹೋದ ಕಿಟೆಲ್ಲರ ಕೆಲಸ ಪ್ರಾರ್ಥನೆಯೆ ಎಂದು ಕೇಳಿದರೆ ಹೌದೆನ್ನುತ್ತೇನೆ. ಅದನ್ನು ಅವರಿಂದ ಯಾವ ಗಂಟೆಯೂ ಮಾಡಿಸಲಾರದು. ಮಿಷನ್ನಿನ ಅಚ್ಚುಕೂಟವೇ ದಾಸರ ಪದಗಳನ್ನು ಅಚ್ಚು ಹಾಕಿದ್ದನ್ನೂ ನೆನೆಯಬೇಕು. ಬೆಳಿಗ್ಗೆ ಯೇಸುವನ್ನು ಪ್ರಾರ್ಥಿಸಿ ಬಂದ ಕೆಲಸಗಾರ ಹಗಲೆಲ್ಲ ವಿಠಲನ ಹೆಸರಿನ ಮೊಳೆ ಜೋಡಿಸಿದ.

ಅದೇ ಶಿಸ್ತು ಮುರಿದ ಮಕ್ಕಳೂ ಇದ್ದಾರೆ. ತಲಚೇರಿಯಲ್ಲಿದ್ದು ಮಲಯಾಳಕ್ಕೆ ನಿಘಂಟು ಬರೆದ ಗುಂಡರ್ಟರ ಮೊಮ್ಮಗ ಹರ್ಮನ್ ಹೆಸ್ಸೆ. ತಂದೆಯೂ ಮಂಗಳೂರಿನಲ್ಲಿ ಮಿಷನರಿಯಾಗಿದ್ದವನು. ಎಳೆಯ ವಯಸ್ಸಿನಲ್ಲಿ ಕೆಲಕಾಲ ಆ ಹುಡುಗನನ್ನು ಬಾಸೆಲ್ ಮಿಷನ್ನಿನ ಬಾಲಕರ ಮನೆಯಲ್ಲಿರಿಸಿದ್ದರು. ಮುಂದೆ ಪಾದ್ರಿಯಾಗಲೆಂದು ಮೌಲ್‌ಬ್ರಾನಿನ ಮಠಶಾಲೆಗೆ ಹಾಕಿದರೆ, 1892ರಲ್ಲಿ ಹದಿನಾಲ್ಕರ ಹರೆಯದಲ್ಲಿ ಅಲ್ಲಿಂದ ಓಡಿಹೋದ. ಮೂವತ್ತು ವರುಷದ ಮೇಲೆ ಅವನು ಬರೆದದ್ದು ‘ಸಿದ್ಧಾರ್ಥ’. ಗುರುವನ್ನೂ ಮತವನ್ನೂ ಬಿಟ್ಟು ತಾನಾಗಿ ಹುಡುಕಿಕೊಂಡು ಹೊರಟವನ ಕಥೆ. ಅಜ್ಜನ ಗಂಟೆಯ ಸದ್ದು ಅದರಲ್ಲಿ ಇಲ್ಲವೇ ಇಲ್ಲ ಎನ್ನುವಿರಾ? ನನಗೆ ಹಾಗೆನಿಸುವುದಿಲ್ಲ.

ಮಿಷನ್ನಿನ ಪ್ರಾರ್ಥನೆ ಅನ್ನಕ್ಕಾಗಿಯೊ ದೇವರಿಗಾಗಿಯೊ ಎಂಬುದಕ್ಕೆ ಇತಿಹಾಸವೇ ಒಂದು ಪರೀಕ್ಷೆ ಒಡ್ಡಿತು. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನ್ ಮಿಷನರಿಗಳು ಶತ್ರುರಾಷ್ಟ್ರದವರೆನಿಸಿದರು. ಅವರನ್ನು ಅಹಮದನಗರದ ಶಿಬಿರದಲ್ಲಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳುಹಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಇನ್ನು ಕೂಲಿ ಕೊಡುವವನು ಬೇರೆ, ಪ್ರಾರ್ಥನೆಗೆ ಕರೆಯುವವನು ಬೇರೆ. ಎಂಬತ್ತು ವರುಷ ಗಂಟು ಹಾಕಿದ್ದ ದಾರ ಹೀಗೆ ತಾನಾಗಿ ಕಡಿಯಿತು. ಹೊಟ್ಟೆಗಾಗಿಯೇ ಬಂದವರಾಗಿದ್ದರೆ ಆ ಸಭೆಗಳು ಅಂದೇ ಚದುರಬೇಕಾಗಿತ್ತು. ಚದುರಲಿಲ್ಲ. ಇಲ್ಲಿಯ ಉಪದೇಶಿಗಳು, ಇಲ್ಲಿಯ ಪಾದ್ರಿಗಳು ನಡೆಸಿಕೊಂಡು ಬಂದರು. ಇಂದೂ ಬಲ್ಮಠದಲ್ಲಿ ಭಾನುವಾರ ಕನ್ನಡದಲ್ಲಿ ಆರಾಧನೆ ನಡೆಯುತ್ತದೆ.

ಇದರಿಂದ ಹಗ್ಗ ಹಿಡಿದವರು ಮಾಡಿದ್ದು ಸರಿಯೆಂದು ಆಗುವುದಿಲ್ಲ. ನಾನು ನಿಯಮ ಮಾಡಿದ ಕೋಣೆಯಲ್ಲಿಯೂ ಯಾವನೋ ಒಬ್ಬ ಹುಡುಗನ ತುಟಿಯ ಮೇಲಿನ ಹಾಡು ಎಂದೋ ಒಂದು ಬೆಳಿಗ್ಗೆ ಗಂಟಲಿಗಿಳಿದಿರಬಹುದು. ಆ ಶ್ರೇಯಸ್ಸು ನನ್ನದಲ್ಲ. ಫಲಕದ ಮೇಲೆ ಬರೆಸಿದ ಸಾಲು ಮಾತ್ರ ನನ್ನದು. ‘ಪ್ರಾರ್ಥನೆ’ ಎಂಬ ಶಬ್ದದ ಮೂಲದಲ್ಲಿರುವುದು ಬೇಡುವುದು, ಕೇಳುವುದು ಎಂಬ ಅರ್ಥ. ಬೇಡುವವನ ಬಾಯಿಂದ ಏನು ಬರಬೇಕೆಂದು ಕೊಡುವವನೇ ಕಲಿಸಿಕೊಟ್ಟರೆ ಅದು ಬೇಡಿಕೆಯಾಗಿ ಉಳಿಯುವುದು ಹೇಗೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಲಕ್ಕಿ ನೆನೆಸಿದ ಹುಡುಗ ಕನಿಷ್ಠ ತನಗೆ ಬೇಕಾದದ್ದನ್ನೇ ಬೇಡಿದ.

ಹಂಚು ಹೊದಿಸುವವನು ಏಣಿಯ ಮೇಲಿನಿಂದ ಕೈ ನೀಡಿ, “ಮಾಸ್ತರ್ರೆ, ಆ ಹಂಚ್ ತಿಕ್ಕಿ ತಿಕ್ಕಿ ಸವ್ದು ಹೋತದೆ. ಹಾಕೂದೋ, ಇಟ್ಕಂತ್ರೋ?” ಎಂದ. ಕಪಾಟಿನಲ್ಲಿಡಬೇಕೆಂಬ ಆಸೆಯಾಗಿತ್ತು. “ಅಡುಗೆಮನೆ ಮೇಲಿಂದು, ಅಲ್ಲೇ ಹಾಕು” ಎಂದೆ. ಅಕ್ಷರ ಮತ್ತೆ ಕೆಳಮುಖವಾಯಿತು.

ಹೊತ್ತು ಮುಳುಗಿ, ಕಾರವಾರದ ಕಡೆಯಿಂದ ಬಂದ ರೈಲು ಕೂಗಿಕೊಂಡು ಹೋಯಿತು. ಈಗ ನಮ್ಮೂರಿಗೆ ಸಂಜೆಯ ಗಂಟೆಯೆಂದರೆ ಅದೇ. ಅವ್ವ ದೀಪ ಹಚ್ಚಿದಳು. ಮಗಳು ಜಗಲಿಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದಳು. ಕರೆಯಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವನೇ ಒಳಗಿನಿಂದ ಕರೆದಳು.